ನಮ್ಮಾಕಿ ಹೊಡಿಯೂ ಮನಿಗಾಡಿ

ನಮ್ಮ ಮನಿಗಾಡಿಯ ಕೀಲಿ ತಿರುವಿದರೆ ಎಂಜಿನ್ ಒಮ್ಮೊಮ್ಮೆ ಚಾಲೂ ಆಗುವುದಿಲ್ಲ. ಏನಾದರೊಂದು ಫಜೀತಿ ಮಾತ್ರ ತಪ್ಪದೆ ಚಾಲೂ ಆಗುತ್ತದೆ. ನಾನು ವಿಜಯಪುರದ ಒಂದು ಸೀರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚುವವ, ಅವರು ಬೇಡವೆಂದು ಎದ್ದು ಹೋದ ಮೇಲೆ ಮತ್ತೆ ಮಡಚುವವ. ಗಾಡಿ ಹೊಡೆಯುವವಳು ನನ್ನ ಹೆಂಡತಿ. ಅವರಪ್ಪನದು ಲಾರಿಗೆ ಬಾಡಿ ಕಟ್ಟುವ ವರ್ಕ್‌ಶಾಪು. ಉಳಿದ ಹುಡುಗಿಯರು ಗೊಂಬೆಗೆ ಅಂಗಿ ಹೊಲಿಯುವ ವಯಸ್ಸಿನಲ್ಲಿ ಈಕೆ ಲಾರಿಯ ಹಿಂಬಾಗಿಲಿಗೆ ಕೊಂಡಿ ಹಚ್ಚುತ್ತಿದ್ದಳು.

ಗಾಡಿ ಹುಟ್ಟಿದ್ದು ನಮ್ಮವ್ವನ ಸಲುವಾಗಿ. ಮೊಣಕಾಲು ಹಿಡಿದುಕೊಂಡ ಮೇಲೆ ಅವ್ವ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ಲಗ್ನಕ್ಕೆ ಕರೆದರೂ ಇಲ್ಲ, ಬೀಗರ ಮನೆಗೂ ಇಲ್ಲ. ಕಾರಣ ನಮಗೆ ಯಾರಿಗೂ ಹೇಳಲಿಲ್ಲ, ಸೊಸೆಗೆ ಮಾತ್ರ ಒಂದು ದಿನ ಹೇಳಿದಳಂತೆ: "ಕೂತ್ರ ಏಳಾಕ ಬರಂಗಿಲ್ಲ, ಮಂದಿ ಮನಿ ಸಂಡಾಸದಾಗ ಏನ ಮಾಡ್ಲಿ ಬೇ?"

ಸೊಸೆ ಅಪ್ಪನ ವರ್ಕ್‌ಶಾಪಿನ ಮೂಲೆಗೆ ಬಿದ್ದಿದ್ದ, ಶಾಲೆ ಮಕ್ಕಳನ್ನು ಒಯ್ಯುತ್ತಿದ್ದ ಒಂದು ಹಳೆಯ ಸಾಲಿ ಬಸ್ಸನ್ನು ಎಳೆದು ತಂದಳು. ಸೀಟು ಕಿತ್ತು ಮಂಚ ಮಾಡಿದಳು, ಒಲೆ ಇಟ್ಟಳು, ಹಿಂದೆ ಎತ್ತರದ ಕಮೋಡು, ಹಿಡಿದು ಏಳಲು ಎರಡೂ ಕಡೆ ಪೈಪು. ಪರದೆ ಹೊಲಿಸಿದ್ದು ನಾನು. ಅದನ್ನೂ ಯಾಕೆ ಹೇಳಿದೆ ಎಂದರೆ, ನನ್ನ ಪಾಲು ಅಷ್ಟೇ.

ಹೊಸ್ತಿಲು

ಗಾಡಿ ತಯಾರಾದ ದಿನ ಅವ್ವ ಬಾಗಿಲ ತನಕ ಬಂದು ನಿಂತುಬಿಟ್ಟಳು.

"ನಾ ಹತ್ತಂಗಿಲ್ಲ."

"ಯಾಕ ಬೇ?"

"ಮನಿ ಅಂದ ಮ್ಯಾಲ ಹೊಸ್ತಿಲ ಇರಬೇಕು. ಹೊಸ್ತಿಲ ಇಲ್ಲದ್ದಕ್ಕ ಮನಿ ಅಂತಾರೇನು? ಡಬ್ಬಿ ಅಂತಾರ."

ನಾನು ಬಸ್ಸಿಗೆ ಹೊಸ್ತಿಲು ಇರುವುದಿಲ್ಲ ಎಂದು ತಿಳಿಸಿ ಹೇಳತೊಡಗಿದೆ. ನನ್ನ ಹೆಂಡತಿ ತಿಳಿಸಿ ಹೇಳುವ ಪೈಕಿ ಅಲ್ಲ. ಅಳತೆ ಹಿಡಿದು ಸಂಜೆಯೊಳಗೆ ಸಾಗವಾನಿ ತುಂಡೊಂದನ್ನು ಕೆತ್ತಿ, ಬಾಗಿಲಿಗೆ ಬೋಲ್ಟು ಹಾಕಿ ಕೂರಿಸಿದಳು. ಅವ್ವನ ಕಾಲು ಎಷ್ಟು ಮೇಲೆ ಏಳುತ್ತದೆಂದು ನೋಡಿ ಅಷ್ಟೇ ಎತ್ತರ ಇಟ್ಟಿದ್ದಳು. ಅವ್ವ ಅರಿಷಿಣ ಕುಂಕುಮ ಹಚ್ಚಿ, ಬಲಗಾಲಿಟ್ಟು ಸರಾಗವಾಗಿ ಒಳಗೆ ಹೋದಳು.

ಹಿಂದೆಯೇ ಹತ್ತಿದ ನಾನು ಎಡವಿ ಬಿದ್ದು ಒಲೆಯ ತನಕ ಜಾರಿದೆ. ಅವ್ವ ಮಂಚದ ಮೇಲೆ ಕೂತು ಸಮಾಧಾನದಿಂದ ಅಂದಳು: "ಈಗ ನೋಡು, ಖರೇ ಮನಿ ಆತು."

ರೊಟ್ಟಿಯ ಸಾಲು

"ಮೊದಲ ನಮ್ಮ ಕಾಲಬುಡದ್ದು ನೋಡೂಣು, ಗೋವಾ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ನನ್ನ ಹೆಂಡತಿ ಫರ್ಮಾನು ಹೊರಡಿಸಿದ್ದಳು. ಹಾಗಾಗಿ ನಮ್ಮ ಮಹಾಪ್ರವಾಸದ ಮೊದಲ ಮುಕ್ಕಾಮು ನಮ್ಮೂರಿನದೇ ಬಾದಶಹರ ಗೋರಿ, ಇಬ್ರಾಹಿಂ ರೋಜಾ. ನಮ್ಮ ಮನೆಯಿಂದ ಅಲ್ಲಿಗೆ ಆಟೋದವರು ಕೂಡ ಬರಲು ಒಪ್ಪುವುದಿಲ್ಲ, ಅಷ್ಟು ಹತ್ತಿರ.

ನಾವು ಬೇವಿನ ಮರದ ನೆರಳಿಗೆ ಗಾಡಿ ಹಚ್ಚಿದೆವು. ಅವ್ವ ಕಿಟಕಿಯ ಪಕ್ಕ ಕೂತು ಜೋಳದ ರೊಟ್ಟಿ ಬಡಿಯತೊಡಗಿದಳು. ಟಪ ಟಪ ಸದ್ದಿಗೆ, ಮೇಲೆ ಬದನೆಕಾಯಿ ಎಣಗಾಯಿಯ ವಾಸನೆಗೆ, ಬೆಂಗಳೂರು ಕಡೆಯ ಒಂದು ಕುಟುಂಬ ಕಿಟಕಿಗೆ ಬಂದು ನಿಂತಿತು.

"ಅಮ್ಮಾ, ನಾಲ್ಕು ರೊಟ್ಟಿ ಊಟ ಸಿಗುತ್ತಾ?"

"ಯಾಕ ಸಿಗಂಗಿಲ್ಲ? ಕೈ ತೊಳಕೊಂಡ ಬರ್ರಿ."

ಅವರು ಉಂಡರು. ಅವರನ್ನು ನೋಡಿ ಹಿಂದೆ ಮತ್ತೊಂದು ಕುಟುಂಬ ನಿಂತಿತು, ಅದರ ಹಿಂದೆ ಕಾಲೇಜು ಹುಡುಗಿಯರ ಗುಂಪು. ಅವ್ವ ಬಡಿದೇ ಬಡಿದಳು, ನನ್ನ ಹೆಂಡತಿ ಬೇಯಿಸಿದಳು, ನಮ್ಮ ಮಗಳು ಶೇಂಗಾಹಿಂಡಿ ಮೊಸರು ಬಡಿಸಿದಳು. ಎಷ್ಟೋ ದಿನಗಳ ಮೇಲೆ ಅವ್ವನ ಮುಖದಲ್ಲಿ ಬೆವರೂ ನಗೆಯೂ ಒಟ್ಟಿಗೆ ಕಂಡವು. ಕಡೆಗೆ ಮೊದಲ ಕುಟುಂಬದ ಯಜಮಾನರು ಪಾಕೀಟು ತೆಗೆದು, "ಬಿಲ್ ಎಷ್ಟಾಯ್ತಮ್ಮಾ?" ಎಂದರು.

ಅವ್ವನ ಕೈ ನಿಂತಿತು. "ಏನಂದ್ರಿ? ಮನಿಗೆ ಬಂದು ಉಂಡು ರೊಕ್ಕಾ ಕೊಡ್ತೀರಿ? ನಾ ಏನ ಖಾನಾವಳಿ ಇಟ್ಟೇನಿ?" ಎನ್ನುತ್ತ ಸುಡುವ ಸಟ್ಟುಗವನ್ನು ಕಿಟಕಿಯಿಂದ ಹೊರಗೆ ಚಾಚಿದಳು. ಸಾಲು ಚದುರಿತು.

ಆಮೇಲೆ ಸೊಸೆಯ ಭುಜ ಹಿಡಿದು ನಿಧಾನ ನಡೆಯುತ್ತ ಅವ್ವ ರೋಜಾದ ಕಲ್ಲಿನ ಜಾಲಂಧ್ರಗಳ ಮುಂದೆ ನಿಂತಳು. ಅಕ್ಷರಗಳನ್ನೇ ಹೆಣೆದು ಕಿಟಕಿ ಮಾಡಿದ್ದರಲ್ಲ, ಅದರ ಮುಂದೆ. ಬಹಳ ಹೊತ್ತು ನೋಡಿ, "ಕಲ್ಲಾಗ ಕಸೂತಿ ಹಾಕ್ಯಾರಲ್ಲೋ ಯಪ್ಪಾ" ಅಂದಳು. ಇಷ್ಟು ವರ್ಷ ಸೆರಗು ಅಂಚು ಮಾರಿದ ನನಗೂ ಅದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ.

ಸಂಜೆ ಮಗಳು ಮೊಬೈಲು ತೋರಿಸಿದಳು. ಯಾರೋ ನಮ್ಮ ಗಾಡಿಯ ಫೋಟೋ ಹಾಕಿ ಬರೆದಿದ್ದರು: "ಊಟ ಅದ್ಭುತ. ಆದರೆ ಯಾವ ಕಾರಣಕ್ಕೂ ಬಿಲ್ ಕೇಳಬೇಡಿ, ಹೊಡೆಯಲು ಬರುತ್ತಾರೆ."

ತೊರವಿಯ ಸಾಲಿ

ಗಾಡಿಗೆ ನೀಲಿ ಬಣ್ಣ ಹಚ್ಚಿದ್ದೆವು. ಮುಂದಿನ ಅರ್ಧಕ್ಕೆ ಮಾತ್ರ. ಹಿಂದಿನ ಅರ್ಧಕ್ಕೆ ಬಣ್ಣ ಸಾಲದೆ ಸಾಲಿ ಬಸ್ಸಿನ ಹಳದಿಯೇ ಉಳಿದಿತ್ತು.

ಸಾಲಿಗೆ ರಜೆ, ತೊರವಿಯಲ್ಲಿ ಹುಡುಗರು ಸೂಟಿಯ ಕ್ರಿಕೆಟ್ ಆಡುತ್ತಿದ್ದರು. ನಮ್ಮ ಗಾಡಿ ತಿರುವು ದಾಟಿ ಹಳದಿ ಕಂಡದ್ದೇ ತಡ, ಬೌಲರ್ ಚೆಂಡು ಕೈಯಲ್ಲಿಟ್ಟುಕೊಂಡೇ ಓಡಿದ. "ಸಾಲಿ ಬಸ್ ಬಂತಲೇ!" ಕ್ಷಣದಲ್ಲಿ ಮೈದಾನ ಖಾಲಿ. ಹುಡುಗರು ಓಡಿದಷ್ಟೇ ವೇಗದಲ್ಲಿ ತಾಯಂದಿರು ಹೊರಗೆ ಬಂದರು. ಒಬ್ಬಾಕೆಯಂತೂ ಮಗನ ಕಿವಿ ಹಿಡಿದು, ತಲೆ ಬಾಚಿ, ಮುಖಕ್ಕೆ ಪೌಡರ್ ಹಚ್ಚಿಯೇ ತಂದಳು.

"ಯಕ್ಕಾ, ಇದು ಸಾಲಿ ಬಸ್ ಅಲ್ರಿ" ಎಂದಳು ನನ್ನ ಹೆಂಡತಿ.

"ಏನರೆ ಇರಲಿ ಯವ್ವಾ, ಎಲ್ಲಿಗರೆ ಒಯ್ರಿ. ಸೂಟಿ ಬಿಟ್ಟಾಗಿಂದ ತಲಿ ತಿಂದ ಇಟ್ಟಾನ."

ಬೇರೆಯವರಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ನನ್ನ ಹೆಂಡತಿ ಬಾಗಿಲು ತೆರೆದಳು. ಹುಡುಗರು ಹತ್ತಿದರು, ಕಾವಲಿಗೆ ಇಬ್ಬರು ತಾಯಂದಿರೂ ಹತ್ತಿದರು. ಸಂಗೀತ ಮಹಲಿನ ತನಕ ಒಯ್ದು, ಮುರಿದ ಕಮಾನುಗಳ ಕೆಳಗೆ ಎಲ್ಲರನ್ನೂ ಕೂಗಲು ಬಿಟ್ಟು, ತಿರುಗಿ ತಂದು ಬಿಟ್ಟಳು. ಪೌಡರಿನ ಹುಡುಗ ಇಳಿಯಲು ಒಲ್ಲೆ ಎಂದ. "ನಾ ಇದ ಸಾಲಿಗೇ ಹೋಗ್ತೇನಿ!"

ಅವನ ತಾಯಿ ನಮ್ಮ ಕಡೆ ಬಹಳ ಅಸಮಾಧಾನದಿಂದ ನೋಡಿದಳು. "ಇಷ್ಟ ಲಗೂ ಮನಿಗೆ ಬಿಡೂ ಸಾಲಿಗೆ ನಮ್ಮ ಹುಡಗನ್ನ ಹಾಕಂಗಿಲ್ಲ ಬಿಡ್ರಿ."

ಕಳ್ಳಕವಟಗಿಯ ಬರ್ಲಿ ಬರ್ಲಿ

ಟಿಕೋಟಾ ದಾಟಿದರೆ ಎರಡೂ ಕಡೆ ದ್ರಾಕ್ಷಿ. ಕಳ್ಳಕವಟಗಿಯಲ್ಲಿ ನಮ್ಮ ಅಂಗಡಿಯ ಹಳೆಯ ಗಿರಾಕಿಯೊಬ್ಬರ ತೋಟವಿದೆ. ಮೂರು ಹೆಣ್ಣುಮಕ್ಕಳ ಲಗ್ನದ ಜವಳಿ ನನ್ನ ಕೈಯಿಂದಲೇ ಒಯ್ದವರು. ಅವರ ಒಣದ್ರಾಕ್ಷಿ ಶೆಡ್ಡಿನ ಪಕ್ಕ ಗಾಡಿ ನಿಲ್ಲಿಸಬೇಕಿತ್ತು. ಒಂದು ಕಡೆ ಶೆಡ್ಡು, ಇನ್ನೊಂದು ಕಡೆ ನೀರಿನ ಹೊಂಡ, ನಡುವೆ ಗಾಡಿ ಹಿಂದಕ್ಕೆ ಹೋಗುವಷ್ಟೇ ಜಾಗ.

ಹೆಣ್ಣುಮಗಳೊಬ್ಬಳು ಬಸ್ಸು ರಿವರ್ಸ್ ಹಾಕುತ್ತಾಳೆಂದ ಕೂಡಲೇ ತೋಟದಲ್ಲಿದ್ದ ಗಂಡಸರೆಲ್ಲ ಓಡಿ ಬಂದರು. ನಾನೂ ಅವರೊಳಗೆ ಒಬ್ಬ.

"ಬರ್ಲಿ, ಬರ್ಲಿ!"

"ಏ, ಎಡಕ್ಕ ಕಟ್ ಮಾಡ್ರಿ!"

"ಎಡಕ್ಕಲ್ಲಲೇ, ಬಲಕ್ಕ! ಹೊಂಡ ಕಾಣಂಗಿಲ್ಲೇನ ನಿನಗ?"

"ನಿಂದ್ರಿ ನಿಂದ್ರಿ... ಬರ್ಲಿ ಬರ್ಲಿ... ನಿಂದ್ರಿ!"

ಒಬ್ಬನ ಕೈ ಮೇಲೆ, ಒಬ್ಬನದು ಕೆಳಗೆ, ಒಬ್ಬ ಎರಡೂ ಕೈ ತಿರುಗಿಸುತ್ತಿದ್ದ. ನನ್ನ ಹೆಂಡತಿ ಎಂಜಿನ್ ಬಂದ್ ಮಾಡಿ ಒಳಗೆ ಹೋದಳು. ಸಿಟ್ಟಿಗೆದ್ದಳೆಂದು ಎಲ್ಲರೂ ಎತ್ತಿದ ಕೈ ಇಳಿಸಿದರು. ಸ್ವಲ್ಪ ಹೊತ್ತಿಗೆ ದೊಡ್ಡ ತಟ್ಟೆಯಲ್ಲಿ ಚಹಾ ತಂದು, "ದಣದೀರಿ, ತಗೋರಿ" ಎಂದು ಪ್ರತಿಯೊಬ್ಬರಿಗೂ ಒಂದು ಕೈಗೆ ತುಂಬಿದ ಕಪ್ಪು, ಇನ್ನೊಂದು ಕೈಗೆ ಬಿಸ್ಕೀಟು ಕೊಟ್ಟಳು. ಚಹಾ ಕುದಿಯುತ್ತಿತ್ತು. ಅಲುಗಾಡಿದರೆ ಕೈ ಸುಡುತ್ತದೆ, ಕೂಗೋಣವೆಂದರೆ ಬಾಯಲ್ಲಿ ಬಿಸ್ಕೀಟು. ಇಡೀ ಗುಂಪು ಗೊಂಬೆಗಳಂತೆ ನಿಂತಿತು.

ಆಕೆ ಹೋಗಿ ಕೂತು, ಎರಡೂ ಕನ್ನಡಿ ನೋಡಿ, ಒಂದೇ ಸಲಕ್ಕೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಿಬಿಟ್ಟಳು. ಶೆಡ್ಡಿನ ಹಸಿರು ಪರದೆಗೂ ನಮ್ಮ ಕನ್ನಡಿಗೂ ನಡುವೆ ಒಂದು ಗೇಣು.

ತೋಟದ ಯಜಮಾನರು ಕಪ್ಪು ಕೆಳಗಿಟ್ಟು ನನ್ನ ಕಿವಿಯಲ್ಲಿ ಹೇಳಿದರು: "ನಾಳೆ ನಮ್ಮ ಪಂಚಾಯ್ತಿ ಮೀಟಿಂಗ್ ಐತ್ರಿ. ಅಕ್ಕಾರಿಗೆ ಒಂದ ಸಲ ಚಾ ಮಾಡಾಕ ಬರ್ರಿ ಅಂತ ಹೇಳ್ರಿ."

ನಿಡೋಣಿಯಲ್ಲಿ ಯಾರು ಬೀಗರು?

ನಿಡೋಣಿಯಲ್ಲಿ ಅವ್ವನ ಜೀವದ ಗೆಳತಿ ಇದ್ದಾಳೆ. ವಿಜಯಪುರದ ಒಂದೇ ಓಣಿಯಲ್ಲಿ ಇಬ್ಬರೂ ಬೆಳೆದವರು. ಆಕೆ ಮುಸಲ್ಮಾನರ ಮನೆಯ ಹುಡುಗಿ, ಲಗ್ನವಾಗಿ ನಿಡೋಣಿಗೆ ಬಂದಾಕೆ. ಮೊಣಕಾಲಿನ ಕಾರಣಕ್ಕೆ ಇಬ್ಬರೂ ವರ್ಷಗಟ್ಟಲೆ ಫೋನಿನಲ್ಲೇ ಜಗಳಾಡಿಕೊಂಡಿದ್ದರು. ಅವರ ಮನೆಯ ಅಂಗಳದಲ್ಲಿ ಗಾಡಿ ನಿಂತಾಗ ಗೆಳತಿ ಬಾಗಿಲಿಗೆ ಓಡಿ ಬಂದಳು. ಓಡಿ ಅಂದರೆ ಗೋಡೆ ಹಿಡಿದುಕೊಂಡು.

"ಬಾ ಬೇ, ಒಳಗ ಬಾ!"

ಅವ್ವ ನಮ್ಮ ಗಾಡಿಯ ಬಾಗಿಲಲ್ಲಿ ನಿಂತು ಕೈ ಬೀಸಿದಳು. "ನೀ ಬಾ ಬೇ. ಹೊಸಾ ಮನಿ ಕಟ್ಟೇವಿ, ನೀ ಇನ್ನೂ ನೋಡಿಲ್ಲ."

"ದೂರದಿಂದ ಬಂದ ಬೀಗರು ನೀ. ಮೊದಲ ನೀ ಬರಬೇಕು."

"ನಾ ಎಲ್ಲಿ ಬಂದೇನಿ? ನಾ ನಮ್ಮನ್ಯಾಗ ಅದೇನಿ. ನೀವ ನಮ್ಮನಿ ಮುಂದ ಮನಿ ಕಟ್ಟೀರಿ."

ಗೆಳತಿ ನಗುತ್ತ, ಕಣ್ಣು ಒರೆಸುತ್ತ ಬಂದು, ತನ್ನ ಸೊಸೆಯಂದಿರ ಕೈ ಹಿಡಿದು ಗಾಡಿ ಹತ್ತಿದಳು. ಮಂಚದ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು, ಒಬ್ಬರ ಮೊಣಕಾಲನ್ನು ಒಬ್ಬರು ಮುಟ್ಟಿ ನೋಡಿ, ಯಾರದು ಹೆಚ್ಚು ಕೆಟ್ಟಿದೆ ಎಂದು ವಾದ ಮಾಡಿದರು. ಪೈಪು ಹಿಡಿದು ಏಳುವುದನ್ನು ಅವ್ವ ಹೆಮ್ಮೆಯಿಂದ ಮಾಡಿ ತೋರಿಸಿದಳು. ಗೆಳತಿ ನನ್ನ ಹೆಂಡತಿಯ ಗಲ್ಲ ಸವರಿ ಲಟಿಕೆ ಮುರಿದಳು.

ಇಳಿಯುವಾಗ ಮಾತ್ರ ತಿರುಗಿ ನಿಂತು ಹೇಳಿದಳು: "ಆತು ಬೇ, ಈ ಮನಿ ನಿಂದ. ಹಂಗಾರ ಅಂಗಳಾನೂ ನಿಂದ. ನಾಳೆ ಮುಂಜಾನಿ ಕಸಾ ನೀ ಹೊಡಿ."

"ಹೊಡೀತೇನಿ ತಗೋ!" ಎಂದಳು ಅವ್ವ.

ಮರುದಿನ ಮುಂಜಾನೆ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಕಸಬರಿಗೆ ಹಿಡಿದು ಇಡೀ ಅಂಗಳ ಗುಡಿಸಿದವ ನಾನು. "ಮೂಲ್ಯಾಗ ಉಳದೈತಿ ನೋಡೋ" ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಮಮದಾಪುರದ ಕೆರೆ ದಂಡೆ

ಬಬಲೇಶ್ವರದಿಂದ ಮಮದಾಪುರದ ಕೆರೆ ನೋಡಲು ಹೊರಟೆವು. ಬಾದಶಹರ ಕಾಲದ ಕೆರೆ. ದಂಡೆಯ ಮೇಲೆ ನಿಂತರೆ ನಮ್ಮ ಜಿಲ್ಲೆಯಲ್ಲೇ ಇದ್ದೇವೆಯೇ ಎಂದು ಅನುಮಾನ ಬರುವಷ್ಟು ನೀರು. ಹತ್ತಿರ ಬರುತ್ತಿದ್ದಂತೆ ಗಾಡಿಯ ಹೊಟ್ಟೆಯಲ್ಲಿ ಕಟಕಟ ಸದ್ದಾಯಿತು. ನನ್ನ ಹೆಂಡತಿ ರಸ್ತೆ ಬದಿಗೆ ನಿಲ್ಲಿಸಿ, ಗೋಣಿ ಹಾಸಿ ಗಾಡಿಯ ಕೆಳಗೆ ನುಸುಳಿದಳು. ಹೊರಗೆ ಕಾಣುತ್ತಿದ್ದದ್ದು ಗೆಜ್ಜೆ ಹಾಕಿದ ಎರಡು ಪಾದ ಮಾತ್ರ. ಅವ್ವ ಒಳಗೆ ಮಲಗಿದ್ದಳು. ಮಗಳು ಹಕ್ಕಿಗಳ ಫೋಟೋ ತೆಗೆಯಲು ನೀರಿನ ಕಡೆ ಇಳಿದಿದ್ದಳು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ಕೆರೆಯ ಸೊಬಗು ಸವಿಯುತ್ತ ನಿಂತಿದ್ದೆ.

ಆಗ ಹೊಲಕ್ಕೆ ಆಳುಗಳನ್ನು ಒಯ್ಯುತ್ತಿದ್ದ ಟ್ರ್ಯಾಕ್ಟರೊಂದು ಬಂತು.

"ಅಯ್ಯಯ್ಯೋ! ಹೆಣ್ಣಮಗಳು ಗಾಡಿ ಬುಡಕ ಸಿಕ್ಕಾಳಲೇ!"

ಟ್ರ್ಯಾಕ್ಟರಿನಿಂದ ಧಬಧಬ ಜನ ಹಾರಿದರು. ಗಟ್ಟಿ ಆಳೊಬ್ಬ ನೇರ ಬಂದು ನನ್ನ ಕೊರಳಪಟ್ಟಿ ಹಿಡಿದ.

"ಮ್ಯಾಲ ಗಾಡಿ ಹಾಯಿಸಿ, ಕೆರಿ ನೋಡ್ಕೋತ ನಿಂತೀಯೇನಲೇ?"

"ಹಂಗಲ್ರಿ, ಆಕಿ ನನ್ನ ಹೇಣ್ತಿರಿ!"

ಇದನ್ನು ಹೇಳಬಾರದಿತ್ತು.

"ಕೇಳ್ರೆಪಾ, ಹೇಣ್ತಿ ಮ್ಯಾಲೇ ಹಾಯಿಸ್ಯಾನಂತ!"

ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. ನಾಲ್ಕಾರು ಮಂದಿ ಗಾಡಿಗೆ ಭುಜ ಕೊಟ್ಟು "ಹೈಸಾ!" ಎಂದು ಎತ್ತತೊಡಗಿದರು. ನನ್ನ ಗಂಟಲು ಅವನ ಮುಷ್ಟಿಯಲ್ಲಿ, ಮಾತು ಹೊರಡುತ್ತಿಲ್ಲ. ಅವನ ಇನ್ನೊಂದು ಕೈ ಮೇಲೆದ್ದದ್ದು ಕಂಡು ಕಣ್ಣು ಮುಚ್ಚಿಕೊಂಡೆ.

ಅಷ್ಟರಲ್ಲಿ ಗಾಡಿಯ ಕೆಳಗಿನಿಂದ ಗುಡುಗು ಬಂತು: "ಯಾರದು ಗಾಡಿ ಅಳ್ಳಾಡಸಾವ್ರು? ಕೈ ತಗೀರಿ! ಆ ಹದಿನಾಕ ನಂಬರ ಪಾನಾ ಕೊಡ್ರಿ ಮೊದಲ!"

ಎಲ್ಲವೂ ನಿಂತಿತು. "ಜೀವ ಐತಲೇ" ಎಂದ ಒಬ್ಬ ಮೆಲ್ಲಗೆ.

ಮೇಲೆ ಪರದೆ ಸರಿಯಿತು. ಗದ್ದಲಕ್ಕೆ ಎಚ್ಚರವಾದ ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನನ್ನೂ, ನನ್ನ ಕೊರಳಪಟ್ಟಿಯನ್ನೂ, ಎತ್ತಿದ ಕೈಯನ್ನೂ ನೋಡಿದಳು.

"ಯಪ್ಪಾ, ಅಂವಗ ಯಾಕ ಹೊಡೀತೀರಿ? ಅಂವಗ ಗಾಡಿ ಹೊಡ್ಯಾಕೇ ಬರಂಗಿಲ್ಲ!"

ಕೊರಳಪಟ್ಟಿ ಸಡಿಲಾಯಿತು. ಹಿಡಿದವನೇ ಅದನ್ನು ತನ್ನ ಕೈಯಿಂದ ನೀಟಾಗಿ ತೀಡಿ, ಧೂಳು ಕೊಡವಿ, "ತಪ್ ತಿಳೀಬ್ಯಾಡ್ರಿ ಅಣ್ಣಾರ" ಅಂದ. ನಾನು ಪೆಟ್ಟಿಗೆಯ ಸ್ಪ್ಯಾನರುಗಳಲ್ಲಿ ಆ ಹದಿನಾಲ್ಕರ ಪಾನಾ ಹುಡುಕಿ ಕೊಟ್ಟೆ. ಕೆಳಗೆ ನಾಲ್ಕು ಸಲ ಕಿರ್ರೆಂದಿತು. ಆಮೇಲೆ ನನ್ನ ಹೆಂಡತಿ ಮುಖದ ತುಂಬ ಗ್ರೀಸು ಬಳಿದುಕೊಂಡು ಹೊರಗೆ ಬಂದಳು, ಹತ್ತಿ ಕೀಲಿ ತಿರುವಿದಳು. ಗಾಡಿ ಕಟಕಟ ಅನ್ನದೆ ಗುರ್ರೆಂದಿತು. ಆಗ ಬಾಯಿ ಬಡಿದುಕೊಂಡಿದ್ದ ಹೆಂಗಸರೇ ಈಗ ಚಪ್ಪಾಳೆ ಹೊಡೆದರು. ಒಬ್ಬಾಕೆ ತನ್ನ ಸೆರಗಿನಿಂದಲೇ ಅವಳ ಹಣೆಯ ಗ್ರೀಸು ಒರೆಸಿದಳು. ಟ್ರ್ಯಾಕ್ಟರ್ ಚಾಲಕ ಹಿಂದೆ ಮುಂದೆ ನೋಡಿ, "ಅಕ್ಕಾರ, ನಮ್ಮದೂ ಒಂದೀಟ ಸಪ್ಪಳ ಮಾಡತೈತ್ರಿ, ನೋಡ್ತೀರೇನ್ರಿ?" ಎಂದ. ನನ್ನ ಹೆಂಡತಿ ಗೋಣಿಯನ್ನು ಕೊಡವಿ ಟ್ರ್ಯಾಕ್ಟರಿನ ಕೆಳಗೂ ಹೋದಳು.

ನನ್ನ ಕೊರಳಪಟ್ಟಿ ಹಿಡಿದಿದ್ದ ಆಳು ನನ್ನ ಪಕ್ಕದಲ್ಲೇ ಬಂದು ನಿಂತ. ನಾವಿಬ್ಬರೂ ಆ ಗೆಜ್ಜೆಯ ಪಾದಗಳನ್ನು ನೋಡುತ್ತ ನಿಂತೆವು.

"ಗಾಡಿ ಹೊಡ್ಯಾವ್ರು ಅವರ?" ಎಂದ.

"ಹೌದ್ರಿ."

"ಕಟ್ಟಿದವ್ರೂ ಅವರ?"

"ಅವರರಿ."

"ರಿಪೇರಿನೂ ಅವರ. ಮತ್ತ ನೀವ ಏನ ಮಾಡ್ತೀರಿ?"

ನಾನು ಎದೆ ಸೆಟೆಸಿ, ತೀಡಿದ ಕೊರಳಪಟ್ಟಿ ಸರಿಮಾಡಿಕೊಂಡು ಹೇಳಿದೆ:

"ಪಾನಾ ಕೊಡ್ತೇನ್ರಿ."