ಮಾವನವರ ಉದ್ದನೆಯ ಕೈ

ನನ್ನ ಮಾವನವರಷ್ಟು ನಿರುಪದ್ರವಿ ಖಾನಾಪುರದಲ್ಲಿ ಇನ್ನೊಬ್ಬರಿರಲಿಲ್ಲ, ಕೈಗೆ ಏನೂ ಸಿಗದಿದ್ದಾಗ! ಸಿಕ್ಕಿತೋ, ಅದು ಬಡಿಗೆಯಿರಲಿ, ಒನಕೆಯಿರಲಿ, ಸಾರಿನ ಸೌಟೇ ಇರಲಿ, ಎದುರಿಗಿದ್ದವನು ಆಯುಷ್ಯ ಗಟ್ಟಿಯಿದ್ದರೆ ಉಳಿದ.

ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ನಾನು ಬೆಳಗಾವಿಯ ಕಚೇರಿಯೊಂದರಲ್ಲಿ ಗುಮಾಸ್ತ. ಅವರು ಖಾನಾಪುರದ ಗರಡಿಯೊಂದರ ವಸ್ತಾದರು, ಎಂದರೆ ಗುರುಗಳು. ಜೀವಮಾನವಿಡೀ ಬರಿಗೈ ಕುಸ್ತಿ ಕಲಿಸಿದ ಮಹಾನುಭಾವರಿಗೆ ತಲೆ ನರೆತ ಮೇಲೆ ಒಂದು ಸಿದ್ಧಾಂತ ಹೊಳೆಯಿತು: ಕುಸ್ತಿಯ ಪ್ರತಿಯೊಂದು ಪಟ್ಟನ್ನೂ ಬಡಿಗೆ ಹಿಡಿದು ಹಾಕಬಹುದು. "ಬಡಿಗಿ ಅಂದ್ರ ಏನ್ರಿ? ಉದ್ದಾದ ಕೈ. ಅಷ್ಟ."

ಈ ಉದ್ದನೆಯ ಕೈಯ ಮೊದಲ ಪ್ರಸಾದ ನನಗೇ ದೊರೆಯಿತು, ಮದುವೆಯಾದ ಮೊದಲ ದೀಪಾವಳಿಗೆ. ಅಳಿಯನಿಗೆ ಎಣ್ಣೆ ಹಚ್ಚಿ ಆರತಿ ಎತ್ತುವ ಹಬ್ಬವಲ್ಲವೇ ಅದು? ಆರತಿ ಮುಗಿದದ್ದೇ ತಡ, ಮಾವನವರು ನನ್ನನ್ನು ಗರಡಿಗೆ ಕರೆದೊಯ್ದು, ನನ್ನದೇ ಕೊಡೆಯನ್ನು ನನ್ನ ಕೈಗಿತ್ತು, "ಹಾಂ, ಹೊಡೀರಿ" ಎಂದರು. ಹೊಡೆಯುವುದೆಲ್ಲಿ? ಅವರ ಬಡಿಗೆ ನನ್ನ ಮೊಣಕಾಲಿನ ಹಿಂದೆ ಹೊಕ್ಕಿತು. ಹೊಸ ಧೋತರ ಸಮೇತ ನಾನು ಕೆಮ್ಮಣ್ಣಿನಲ್ಲಿ ಅಂಗಾತ! ಅತ್ತೆಯವರು ಹೋಳಿಗೆ ಬಡಿಸಲು ಕರೆಯುವವರೆಗೆ ಇದರದೇ ಪುನರಾವರ್ತನೆ.

ಬಿದ್ದದ್ದನ್ನು ಮರೆತೇನು. ಮರೆಯಲಾಗದ್ದು ಬೇರೆ. ಗರಡಿಯಲ್ಲೊಂದು ರೀತಿಯುಂಟು: ಕಾದುವ ಮುನ್ನ ಬಗ್ಗಿ ಚಿಟಿಕೆ ಮಣ್ಣೆತ್ತಿ ಎದುರಾಳಿಯ ಅಂಗೈಗೆ ಹಚ್ಚಬೇಕು. ಅದಕ್ಕೆ ಸಲಾಮಿ ಎನ್ನುತ್ತಾರೆ. ನನಗೆ ಅದು ಸಿಗಲಿಲ್ಲ. ಕೇಳಿದ್ದಕ್ಕೆ, "ನಿಮಗ್ಯಾಕ್ರಿ ಸಲಾಮಿ? ನೀವೇನ ಪೈಲವಾನರ?" ಎಂದರು, ಶಿಷ್ಯರೆಲ್ಲರ ಮುಂದೆ. ಅಂದು ನಕ್ಕವರ ಹೆಸರುಗಳು ಇಂದಿಗೂ ನನಗೆ ಕಂಠಪಾಠ.

ಆ ಶಿಷ್ಯರೂ ಬರಬರುತ್ತ ಗೊಣಗತೊಡಗಿದರು. ಇದು ಕುಸ್ತಿಯೂ ಅಲ್ಲ, ದೊಣ್ಣೆವರಸೆಯೂ ಅಲ್ಲ ಎಂದು. ಸುತ್ತಲಿನ ಗರಡಿಗಳಿಗೆಲ್ಲ ಬೆಳಗಾವಿಯ ಹಿರಿಯ ವಸ್ತಾದರ ಮಾತೇ ಕೊನೆ; ಅವರು ಮೆಚ್ಚಿದರೆ ಗರಡಿ ಉಳಿದೀತು, ಇಲ್ಲವಾದರೆ ಬೀಗ. ಬೇಡವೆಂದು ಹೇಳಿ ಹೇಳಿ ನಾನು ಸೋತೆ. ಬೆಳಗಾವಿಯಲ್ಲಿ, ನಾಗಪಂಚಮಿಯ ಕುಸ್ತಿ ಮೈದಾನದಲ್ಲಿ, ಅವರೆದುರು ಬಡಿಗೆಯ ಪಟ್ಟುಗಳನ್ನು ಮಾಡಿ ತೋರಿಸುವುದೆಂದು ನಿಶ್ಚಯವಾಯಿತು.

ಎದುರಾಳಿ, ದೊಣ್ಣೆವರಸೆಯ ಒಬ್ಬ ತರುಣ. ಮಾವನವರು ಅಖಾಡಕ್ಕಿಳಿದವರೇ ಏನು ಮಾಡಿದರೆಂದುಕೊಂಡಿರಿ? ಬಡಿಗೆಯನ್ನು ಕೆಳಗಿಟ್ಟು, ಬಗ್ಗಿ, ಮಣ್ಣೆತ್ತಿದರು. ಸಲಾಮಿಗೆ! ದೊಣ್ಣೆಯವರಲ್ಲಿ ಆ ರೀತಿಯೆಲ್ಲಿದೆ? ಅವನು ಹೊಡೆದ. ಮಾವನವರ ಮಣಿಕಟ್ಟು ಬಾತಿತು, ಮೈದಾನವೇ ನಕ್ಕಿತು. ಹಿರಿಯ ವಸ್ತಾದರು ಎದ್ದು ಹೋದರು.

ಮಾವನವರನ್ನು ಮನೆ ಮುಟ್ಟಿಸಲು ನಾನೂ ಖಾನಾಪುರದ ರೈಲು ಹತ್ತಿದೆ. ಬಡಿಗೆಯನ್ನೇಕೆ ಕೆಳಗಿಟ್ಟಿರೆಂದು ಸಿಟ್ಟಿನಿಂದಲೇ ಕೇಳಿದೆ.

"ಬಡಿಗಿ ಹಿಡದ ಕೈಲೆ ಮಣ್ಣ ಹೆಂಗ ಹಚ್ಚಲಿ?" ಎಂದರು. "ಸಲಾಮಿ ಇಲ್ದ ಹೊಡದ್ರ ಅದು ಬರೇ ಬಡದಾಟ ಆಗತೈತ್ರಿ."

ಹಾಗಾದರೆ ದೀಪಾವಳಿಯಲ್ಲಿ ನನಗೆ ಬಿದ್ದದ್ದು? ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಮರುದಿನ ಗರಡಿಗೆ ಒಬ್ಬ ಶಿಷ್ಯನೂ ಬರಲಿಲ್ಲ. ಬೆಳಗಾವಿಗೆ ಹೊರಟವನು, ಹೇಳಿ ಹೋಗಲೆಂದು ನಾನು ಬಾಗಿಲಲ್ಲಿ ನಿಂತೆ, ಕೈಯಲ್ಲಿ ಕೊಡೆ. ಮಾವನವರು ಕೆಮ್ಮಣ್ಣಿನ ನಡುವೆ ಒಬ್ಬರೇ ಇದ್ದರು. ನನ್ನನ್ನು ನೋಡಿ, ಬಾತ ಬಲಗೈಯನ್ನು ಎದೆಗೆ ಆನಿಸಿಕೊಂಡು ಪ್ರಯಾಸದಿಂದ ಬಗ್ಗಿದರು. ಎಡಗೈಯಿಂದ ಚಿಟಿಕೆ ಮಣ್ಣೆತ್ತಿ ನನ್ನತ್ತ ಚಾಚಿದರು.

"ಬರ್ರಿ, ಪೈಲವಾನರ."

ರೈಲಿಗೆ ಹೊತ್ತಾಗಿತ್ತು. ನಾನು ಕೊಡೆಯನ್ನು ಕೆಳಗಿಟ್ಟೆ.