ಆಷಾಢಕ್ಕೆ ಬುಕ್ ಆದ ಮದುವೆ

ನನಗೆ ಎಣಿಸಲು ಬರುವುದಿಲ್ಲ. ತುಮಕೂರಿನ ಪುಟ್ಟ ಕಚೇರಿಯೊಂದರಲ್ಲಿ ಹತ್ತು ವರ್ಷದಿಂದ ಪ್ರೋಗ್ರಾಮ್ ಬರೆದು ಅನ್ನ ತಿನ್ನುತ್ತಿರುವವನು ಇದನ್ನು ಒಪ್ಪಿಕೊಳ್ಳಬಾರದು. ಆದರೆ ಮಾನ ಹೋದ ಮೇಲೆ ಮುಚ್ಚಿಟ್ಟು ಮಾಡುವುದೇನು? ನಾನು ಬಳಸುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಾರೀಖು ಒಂದರಿಂದ ಶುರುವಾಗುತ್ತದೆ, ತಿಂಗಳು ಮಾತ್ರ ಸೊನ್ನೆಯಿಂದ. ಜನವರಿ ಸೊನ್ನೆ, ಫೆಬ್ರವರಿ ಒಂದು. ಹೀಗೆ ಎಣಿಸುತ್ತ ಹೋದರೆ ಆರು ಎಂದಾಗ ಸಿಗುವುದು ಜೂನ್ ಅಲ್ಲ, ಜುಲೈ. ಈ ಏರ್ಪಾಡು ಮಾಡಿದ ಪುಣ್ಯಾತ್ಮರ ಮನೆಯಲ್ಲಿ ಕ್ಯಾಲೆಂಡರ್ ಇರಲಿಲ್ಲವೇನೋ.

ನಮ್ಮ ಪರಿಚಯದ ರುದ್ರಣ್ಣನವರಿಗೆ ಗುಬ್ಬಿಯಲ್ಲೊಂದು ಕಲ್ಯಾಣ ಮಂಟಪವಿದೆ. ಮದುವೆ ಗೊತ್ತಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕುವುದು ಅವರ ಪದ್ಧತಿ. ನಾನು ಅದನ್ನು ನೋಡಿ ನಕ್ಕು, ಬುಕಿಂಗ್‌ಗೆಂದು ಪ್ರೋಗ್ರಾಮ್ ಬರೆದುಕೊಟ್ಟೆ. ಒತ್ತಿದ ತಿಂಗಳಲ್ಲಿ ಒಂದು ಕಳೆಯಬೇಕೆಂದು ಬರೆಯುವುದೊಂದು ಮರೆತುಹೋಗಿತ್ತು. ಕುಣಿಗಲ್ಲಿನ ನನ್ನಕ್ಕನ ಮಗಳ ಮದುವೆ ಜೂನ್ ಎಂಟಕ್ಕೆ ನಿಶ್ಚಯವಾಗಿತ್ತು. ಬೋಣಿ ನಮ್ಮದೇ ಆಗಲಿ ಎಂದು ರುದ್ರಣ್ಣನವರಿಗೂ ಹೇಳದೆ, ಹೆಸರೂ ಹಾಕದೆ ನಾನೇ ಎಂಟು, ಆರು ಎಂದು ಒತ್ತಿ, ಪರದೆಯತ್ತ ಕಣ್ಣೂ ಹಾಯಿಸದೆ ಕಾಫಿಗೆ ಕೈ ಚಾಚಿದೆ.

ಲಗ್ನಪತ್ರಿಕೆ ಹಂಚಿ ಮುಗಿದ ಮೇಲೆ ಮಂಟಪ ನೋಡಲು ಹೋದರೆ ರುದ್ರಣ್ಣನವರು ನಗುತ್ತಲೇ ಹೇಳಿದರು: “ಜುಲೈ ಎಂಟು ಅಂತ ಒಂದ್ ಮದ್ವೆ ಬಿದ್ದಿತ್ತು ಕಣಯ್ಯ. ಆಷಾಢದಲ್ಲಿ ಯಾರ್ ಮದ್ವೆ ಮಾಡ್ತಾರೆ? ನೀನು ಟೆಸ್ಟ್ ಮಾಡಿರ್ಬೇಕು ಅಂದ್ಕೊಂಡು ಅಳಿಸ್ಬಿಟ್ಟೆ. ಜೂನ್ ಎಂಟು ಖಾಲಿ ಇತ್ತು, ಗೋಡೆ ಕ್ಯಾಲೆಂಡರಲ್ಲೇ ಸುತ್ತು ಹಾಕಿ ನಿಟ್ಟೂರಿನೋರ್ಗೆ ಕೊಟ್ಬಿಟ್ಟೆ.”

ಅಲ್ಲಿಂದ ನೇರ ಕುಣಿಗಲ್ಲಿಗೆ ಓಡಿದೆ. ಅಕ್ಕನಿಗೆ ಸೊನ್ನೆಯ ಕಥೆ ಹೇಳಿದೆ. “ಏನ್ಲಾ, ಮುಷ್ಟಿ ಮೇಲೆ ತಿಂಗ್ಳು ಎಣ್ಸೋದು ನಾನೇ ಹೇಳ್ಕೊಟ್ಟಿದ್ದೆ. ಜನವರಿ ಸೊನ್ನೆ ಅಂತ ಯಾವ್ ಮೇಷ್ಟ್ರು ಹೇಳ್ಕೊಟ್ರೋ ನಿಂಗೆ?” ಎಂದು ಅತ್ತೇಬಿಟ್ಟಳು. ಮುಹೂರ್ತ ಬದಲಿಸುವಂತಿಲ್ಲ, ಬೇರೆ ಮಂಟಪ ಸಿಗಲಿಲ್ಲ. ಕೊನೆಗೆ ಅಕ್ಕನ ತೋಟದಲ್ಲೇ ಶಾಮಿಯಾನ ಎಂದಾಯಿತು. ಪತ್ರಿಕೆ ಕೊಟ್ಟ ಮನೆಮನೆಗೂ ಸ್ಕೂಟರಿನಲ್ಲಿ ಹೋಗಿ ಜಾಗ ಬದಲಾಗಿದೆ ಎಂದು ಹೇಳುವ ಶಿಕ್ಷೆ ನನ್ನದು. ಹೆಬ್ಬೂರಿನಲ್ಲಿ ಬೈದರು. ಬೆಳ್ಳಾವಿಯ ಅಜ್ಜಿ ಪೂರ್ತಿ ಕೇಳಿಸಿಕೊಂಡು, “ಅಂಗಾದ್ರೆ ನಿನ್ ಮಿಷಿನ್‌ಗೆ ಒಂದ್ ತೆಂಗಿನಕಾಯಿ ಕೊಟ್ರೆ ಕೊಟ್ಟೇ ಇಲ್ಲ ಅಂತದಾ?” ಎಂದರು. ನಾನು ಸ್ಕೂಟರ್ ಒದ್ದು ಮುಂದಿನ ಮನೆಗೆ ಹೊರಟೆ.

ಮದುವೆಯ ದಿನ ಅಕ್ಕ ನನಗೆ ಯಾವ ಕೆಲಸವನ್ನೂ ವಹಿಸಲಿಲ್ಲ, ಊಟದೆಲೆ ಎಣಿಸುವುದನ್ನೂ. ಸೋದರಮಾವನಾದ್ದರಿಂದ ಹುಡುಗಿಯ ಕೈ ಹಿಡಿದು ಕರೆತಂದು ಪಕ್ಕದಲ್ಲಿ ನಿಂತೆ, ಅಷ್ಟೇ. ಗಟ್ಟಿಮೇಳ ಮೊಳಗಿತು. ಹುಡುಗ ತಾಳಿಗೆ ಮೂರು ಗಂಟು ಹಾಕತೊಡಗಿದಂತೆ ನನ್ನ ಮನಸ್ಸು ಹಳೆಯ ಚಾಳಿಯಂತೆ ಎಣಿಸಿತು: ಸೊನ್ನೆ, ಒಂದು, ಎರಡು. ಹುಡುಗ ಕೈ ತೆಗೆದ.

“ಅಯ್ಯೋ, ಇನ್ನೊಂದ್ ಗಂಟು ಹಾಕಪ್ಪಾ!” ಎಂದು ಶಾಮಿಯಾನವೆಲ್ಲ ತಿರುಗಿ ನೋಡುವಂತೆ ಕೂಗಿದವನು ನಾನೇ.