ಮಹಡಿಯ ಮೇಲಿನ ನೀಲಿ ಬಚ್ಚಲು

ಪರರ ಸಂಪತ್ತನ್ನು ಕಂಡು ಕರುಬುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಸ್ವಂತ ಹಣದಿಂದ ಪರರಿಗೆ ಸಂಪತ್ತನ್ನು ಒದಗಿಸಿ, ಆಮೇಲೆ ಅದನ್ನೇ ಕಂಡು ಕರುಬುವ ಭಾಗ್ಯವಾದರೋ ಮನೆಯನ್ನು ಬಾಡಿಗೆಗೆ ಕೊಟ್ಟವನಿಗೆ ಮೀಸಲು. ನಮ್ಮ ಪತ್ರಬರಹಗಾರರಿಗೆ ಆ ಭಾಗ್ಯ ಪೂರ್ಣಪ್ರಮಾಣದಲ್ಲಿ ಲಭಿಸಿತ್ತು.

ಮೂವತ್ತು ವರ್ಷ ಊರಿನವರ ಕ್ರಯಪತ್ರ, ಕರಾರುಪತ್ರಗಳನ್ನು ಬರೆದ ಕೈ ಅವರದು. ಮಹಡಿಯ ಮನೆಯನ್ನು ಗಡಿಯಾರ ರಿಪೇರಿಯವನಿಗೆ ಕೊಡುವಾಗಲೂ ಕರಾರನ್ನು ತಾವೇ ಬರೆದರು. ಮೂರನೆಯ ಪುಟದ ಅರ್ಧ ಬರಿದಾಗಿ ಉಳಿಯಿತು. ಬರಿದಾದ ಪುಟ ಅವರ ವೃತ್ತಿಧರ್ಮಕ್ಕೆ ಅಪಚಾರ. ಆದ್ದರಿಂದ ‘ಬಾಡಿಗೆದಾರರ ವಾಸಸ್ಥಾನದಲ್ಲಿ ಕಾಲಕಾಲಕ್ಕೆ ಕಂಡುಬರುವ ಸಮಸ್ತ ನ್ಯೂನತೆಗಳನ್ನು ಮಾಲೀಕರು ಸ್ವಂತ ವೆಚ್ಚದಿಂದ ಪರಿಹರಿಸತಕ್ಕದ್ದು’ ಎಂದು ತುಂಬಿದರು. (ವಾಕ್ಯದ ಗಾಂಭೀರ್ಯಕ್ಕೆ ತಾವೇ ತಲೆದೂಗಿದರಂತೆ.)

ಗಡಿಯಾರದವನ ಕಣ್ಣು ಸಾಮಾನ್ಯವೇ? ಸಾಸಿವೆಗಾತ್ರದ ಹಲ್ಲುಚಕ್ರದ ಸವೆತವನ್ನು ಹಿಡಿಯುವ ಕಣ್ಣು. ಅವನು ದನಿಯೇರಿಸದೆ, ಮುಖ ಗಂಟಿಕ್ಕದೆ, ತಿಂಗಳಿಗೊಂದು ನ್ಯೂನತೆಯನ್ನು ಸವಿನಯವಾಗಿ ನಿವೇದಿಸುತ್ತಿದ್ದ. ತೊಟ್ಟಿಕ್ಕುವುದು ನಲ್ಲಿಯ ನ್ಯೂನತೆಯಲ್ಲ, ಸ್ವಭಾವ ಎಂದು ಪತ್ರಬರಹಗಾರರು ವಾದಿಸಿದರು. ಅವನು ಮೂರನೆಯ ಪುಟವನ್ನು ತೋರಿಸಿದ. ಎರಡು ವರ್ಷಗಳಲ್ಲಿ ಮಹಡಿಗೆ ಹೊಸ ನಲ್ಲಿಗಳು ಬಂದವು, ಕಿಟಕಿಗಳು ಬಂದವು, ಬಚ್ಚಲಿಗೆ ತಿಳಿನೀಲಿ ಟೈಲ್ಸೂ ಜಲಧಾರೆಯನ್ನೇ ಸುರಿಸುವ ಷವರೂ ಬಂದವು. ಕೆಳಗೆ ಮಾಲೀಕರ ಬಚ್ಚಲಿನ ನಲ್ಲಿಗೆ ಮಾತ್ರ ಹಳೆಯ ಬಟ್ಟೆ ಸುತ್ತಿತ್ತು. ಬಾಗಿಲು ನಿಲ್ಲಬೇಕಾದರೆ ಒಳಗಿನಿಂದ ಬಕೆಟ್ಟು ಒತ್ತಿಡಬೇಕಾಗಿತ್ತು.

“ಮೇಲೆ ಗಡಿಯಾರದವನ ಹೆಂಡ್ತಿ ಸ್ನಾನ ಮಾಡ್ತಾ ಹಾಡ್ತಾಳೆ ರೀ,” ಎಂದರು ಒಂದು ಬೆಳಿಗ್ಗೆ ಮನೆಯಾಕೆ. “ನಮ್ಮ ಬಚ್ಚಲಲ್ಲಿ ಯಾರಿಗಾದ್ರೂ ಹಾಡೋ ಮನಸ್ಸು ಬರತ್ತಾ? ಈ ಮನೆಗೆ ಓನರ್ ಯಾರು ಅಂತ ನಂಗೇ ಅನುಮಾನ ಬಂದಿದೆ.”

ಆ ಮಾತು ಪತ್ರಬರಹಗಾರರ ಎದೆಯಲ್ಲಿ ಕೆಂಡವಾಗಿ ಕುಳಿತಿತು. ಮೀಟರ್ ನೋಡುವ ನೆಪದಲ್ಲಿ ದಿನಕ್ಕೆರಡು ಸಲ ಮೇಲೇರಿ ಆ ನೀಲಿಯನ್ನು ಇಣುಕಿ ನೋಡಿ, ಬಿಸಿಯುಸಿರು ಬಿಡುತ್ತ ಇಳಿಯತೊಡಗಿದರು. ಕಡೆಗೊಂದು ದಿನ ಮೆಟ್ಟಿಲ ಮೇಲೆಯೇ ಉಪಾಯ ಹೊಳೆಯಿತು: ಮನೆಗಳನ್ನೇ ಅದಲುಬದಲು ಮಾಡಿಕೊಳ್ಳುವುದು.

ಗಡಿಯಾರದವನ ತಾಯಿಗೆ ಮಂಡಿನೋವು. ಆ ಮಂಡಿಗಳ ಮೇಲೆ ಮಾಲೀಕರಿಗೆ ಹಠಾತ್ತನೆ ಉಕ್ಕಿದ ಕರುಣೆಯನ್ನು ಕಂಡು ಮುದುಕಿಗೇ ಗಾಬರಿಯಾಯಿತು. ಬಾಡಿಗೆ ಹೆಚ್ಚಿಸುವುದಿಲ್ಲ, ಹೊಸ ಕರಾರೂ ಬೇಡ, ಹಳೆಯದೇ ನಡೆಯಲಿ ಎಂದರು. ಅವನು ಕೈಮುಗಿದು ಒಪ್ಪಿಕೊಂಡ. ಭಾನುವಾರ ಒಂದು ಮನೆಯ ಮಂಚಗಳು ಏರಿದವು, ಇನ್ನೊಂದು ಮನೆಯ ಮಂಚಗಳು ಇಳಿದವು.

ಮೂರು ದಿನ ಪತ್ರಬರಹಗಾರರು ಷವರಿನ ಕೆಳಗೆ ಪಟ್ಟಾಭಿಷಿಕ್ತರಂತೆ ನಿಂತರು. ಮನೆಯಾಕೆ ಹಾಡಿದರು. (ರಾಗದ ವಿಚಾರ ಇಲ್ಲಿ ಬೇಡ.) ನಾಲ್ಕನೆಯ ದಿನ ಗಡಿಯಾರದವನು ಮೇಲೆ ಬಂದ.

“ಸಾರ್, ಅಡುಗೆಮನೆ ಸೂರಲ್ಲಿ ನೀರು ಜಿನುಗ್ತಾ ಇದೆ. ನಿಮ್ಮ ಬಚ್ಚಲಿಂದಾನೇ. ನೀವು ಷವರ್ ಬಿಟ್ಟಾಗ ಸ್ವಲ್ಪ ಜಾಸ್ತಿ.”

“ಅದು ವರ್ಷದಿಂದ ಇದ್ದಿದ್ದೇ ಕಣಪ್ಪ. ನಾವು ಕೆಳಗೆ ಒಂದು ಪಾತ್ರೆ ಇಟ್ಕೋತಿದ್ವಿ.”

“ನೀವು ಇಟ್ಕೋಬಹುದು ಸಾರ್, ನೀವು ಮಾಲೀಕರು.”

ಬಾಡಿಗೆದಾರರ ವಾಸಸ್ಥಾನ ಮಹಡಿಯ ಮೇಲೆಯೇ ಇರತಕ್ಕದ್ದೆಂದು ಕರಾರಿನ ಯಾವ ಪುಟದಲ್ಲಿಯೂ ಇರಲಿಲ್ಲ. ಎರಡು ವಾರದ ಮೇಲೆ ಗಾರೆಯವನು ಬಂದು ನೀಲಿ ನೆಲವನ್ನು ಕುಟ್ಟಿ ನೋಡಿ, ಎಲ್ಲವನ್ನೂ ಒಡೆದು ತೆಗೆಯದೆ ಸೋರಿಕೆ ನಿಲ್ಲದು, ಮೂರು ವಾರ ಇತ್ತ ಯಾರೂ ನೀರು ಹನಿಸಕೂಡದು ಎಂದು ತೀರ್ಪಿತ್ತ. ಕೆಳಗಿನ ಬಚ್ಚಲಿಗೆ ಅಷ್ಟರಲ್ಲಿ, ಅದೇ ಮೂರನೆಯ ಪುಟದ ಬಲದಿಂದ, ಹೊಸ ನಲ್ಲಿ, ಹೊಸ ಬಾಗಿಲು, ಹಾಲುಬಿಳುಪಿನ ಟೈಲ್ಸು ಮಾಲೀಕರ ವೆಚ್ಚದಲ್ಲಿಯೇ ಕೂತಾಗಿತ್ತು. ಮನೆಯಾಕೆ ಇಳಿದು ಹೋಗಿ ಅವನ್ನೆಲ್ಲ ಮುಟ್ಟಿ ನೋಡಿ ಬಂದರು.

ಮರುದಿನ ಮುಂಜಾನೆ ಪತ್ರಬರಹಗಾರರು ಹೆಗಲ ಮೇಲೆ ಟವೆಲ್ಲು ಹೊತ್ತು, ಸೋಪಿನ ಡಬ್ಬಿ ಹಿಡಿದು, ಇಪ್ಪತ್ತು ವರ್ಷ ತಾವು ಬಾಳಿದ ಮನೆಯ ಬಾಗಿಲಲ್ಲಿ ನಿಂತು ಕರೆಗಂಟೆ ಒತ್ತಿದರು. ಒಳಗೆ ಕುರ್ಚಿಯಲ್ಲಿ ಕಾಲು ನೀಡಿ ಕುಳಿತಿದ್ದ ಮುದುಕಿ ಅಕ್ಕರೆಯಿಂದ ಕರೆದಳು:

“ಬನ್ನಿಪ್ಪ, ಸಂಕೋಚ ಪಟ್ಕೋಬೇಡಿ. ನಿಮ್ಮ ಮನೆ ಅಂತಾನೇ ತಿಳ್ಕೊಳ್ಳಿ.”